ಲಾಭದ ಕೂಸು

ಶಿವಕುಮಾರಿಯ ಮನೆಯ ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿತ್ತು.

ಹನುಮವ್ವ ಅದನ್ನು ಕಂಡದ್ದು ಮಂಗಳವಾರ ಬೆಳಿಗ್ಗೆ, ಕೆಳಗಿನ ನಲ್ಲಿಯಿಂದ ನೀರು ತುಂಬಿಕೊಂಡು ಮೆಟ್ಟಿಲು ಏರುತ್ತಿದ್ದಾಗ. ಭಾಂಡುಪ್ ಗುಡ್ಡದ ಆ ಓಣಿಯಲ್ಲಿ ಮೆಟ್ಟಿಲುಗಳೇ ದಾರಿ. ಶ್ರಾವಣದ ಮಳೆಗೆ ಅವು ಪಾಚಿ ಹಿಡಿದಿದ್ದವು, ಕಣ್ಣು ಕಾಲ ಮೇಲೆಯೇ ಇರಬೇಕು. ಆದರೂ ಏನೋ ಹಸಿರು ಕಂಡಂತಾಗಿ ಆಕೆ ತಲೆ ಎತ್ತಿದಳು. ತಪ್ಪಲು ಇನ್ನೂ ಬಾಡಿರಲಿಲ್ಲ. ಹೊಸ್ತಿಲ ಮೇಲೆ ಅರಿಸಿನದ ನೀರು ಹರಿದ ಗುರುತಿತ್ತು. ವಿಜಯಪುರ, ಕಲಬುರ್ಗಿ ಕಡೆಯವರೇ ತುಂಬಿಕೊಂಡಿದ್ದ ಆ ಓಣಿಯಲ್ಲಿ ಇದರ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯ ಕೂಸಿನ ಮೈಮೇಲೆ ಕೆಂಪು ಗುಳ್ಳೆ ಎದ್ದಿವೆ, ತಾಯಿ ಬಂದಿದ್ದಾಳೆ. ಹೊರಗಿನವರು ಒಳಗೆ ಬರಬಾರದು, ಒಳಗಿನವರು ಒಗ್ಗರಣೆ ಹಾಕಬಾರದು. ದಡಾರವೆಂಬ ಅದನ್ನು ಊರ ಕಡೆ ಗೊಬ್ಬರ ಎನ್ನುತ್ತಾರೆ, ಮುಂಬಯಿಯವರು ಗೋವರ ಎನ್ನುತ್ತಾರೆ.

ಸೊಂಟದ ಮೇಲಿನ ಕೊಡ ತುಳುಕಿ ಹನುಮವ್ವನ ಸೀರೆ ತೋಯ್ದಿತು. ಅದು ಆಕೆಗೆ ತಿಳಿಯಲಿಲ್ಲ. ನಿನ್ನೆ ಸೋಮವಾರ, ಬೆಳಗಿನಿಂದ ಮಧ್ಯಾಹ್ನದ ತನಕ, ಆಕೆಯ ಮೊಮ್ಮಗಳು ಇದೇ ಮನೆಯಲ್ಲಿ ಆಡಿಕೊಂಡಿದ್ದಳು.

ಬಾಗಿಲ ಸಂದಿಯಲ್ಲಿ ಶಿವಕುಮಾರಿಯ ಮುಖ ಕಂಡಿತು. ನಿದ್ದೆಗೆಟ್ಟ ಮುಖ.

"ಒಳಗ ಬರಬ್ಯಾಡ್ರಿ ಹನುಮವ್ವಕ್ಕಾ. ತಾಯಿ ಬಂದಾಳ."

"ಯಾವಾಗಿಂದ?"

"ನಿನ್ನಿ ಸಂಜಿಕೆ ಗುಳ್ಳಿ ಎದ್ದಾವ. ಜ್ವರಾ ಶುಕ್ರವಾರದಿಂದ ಇತ್ತು, ಹಲ್ಲು ಬರಾಕತ್ತಾವೇನೋ ಅಂದ್ಕೊಂಡಿದ್ದೆ." ಆಮೇಲೆ ದನಿ ಇನ್ನೂ ಸಣ್ಣದಾಯಿತು. "ನಿಮ್ಮ ಕೂಸು ನಿನ್ನಿ ಅನಿಲನ ಬಾಯಾಗಿನ ಬಿಸ್ಕೀಟ್ ಕಸ್ಗೊಂಡು ತಿಂದಾಳ್ರಿ ಅಕ್ಕಾ. ನಾ ನೋಡೂದ್ರಾಗ ನುಂಗಿದ್ಳು."

ಹನುಮವ್ವ ಮೇಲೆ ಹತ್ತಿ ಬಂದಳು. ಉಳಿದ ಹದಿನಾಲ್ಕು ಮೆಟ್ಟಿಲು ಹೇಗೆ ಏರಿದಳೋ ಆಕೆಗೇ ಗೊತ್ತಿಲ್ಲ.

ಮನೆಯಲ್ಲಿ ಕೂಸು ನೆಲದ ಮೇಲೆ ಕೂತು ಸ್ಟೀಲ್ ಬಟ್ಟಲನ್ನು ಚಮಚದಿಂದ ಬಡಿಯುತ್ತಿತ್ತು. ಹತ್ತು ತಿಂಗಳ ಮಹಾದೇವಿ. ಮಗ ಈಶ್ವರನಿಗೆ ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಕೂಸು. ಈಶ್ವರ ನಸುಕಿನಲ್ಲೇ ದಾದರ್ ಹೂವಿನ ಮಾರ್ಕೆಟಿಗೆ ಹೂವಿನ ಗಂಟು ಇಳಿಸಲು ಹೋಗಿದ್ದ. ಸೊಸೆ ಲಾವಣ್ಯಾ ಮುಲುಂಡದ ಔಷಧಿ ಅಂಗಡಿಯೊಂದರ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುವವಳು. ಅವಳು ಅವಸರದಲ್ಲಿ ಡಬ್ಬಿ ಕಟ್ಟಿಕೊಳ್ಳುತ್ತಿದ್ದಳು. ಇಬ್ಬರೂ ಹೊರಗೆ ಹೋದ ಮೇಲೆ ಕೂಸು ಹನುಮವ್ವನದು. ಹನುಮವ್ವ ಓಣಿ ತಿರುಗಲು ಹೊರಟರೆ ಶಿವಕುಮಾರಿಯದು. ಶನಿವಾರ, ಭಾನುವಾರ ಲಾವಣ್ಯಾ ಕೂಸನ್ನು ತವರಿಗೆ ಒಯ್ದಿದ್ದಳು. ಅನಿಲನಿಗೆ ಜ್ವರ ಬಂದ ಮೇಲೆ ಸೋಮವಾರ ಒಂದೇ ದಿನ ಅದು ಶಿವಕುಮಾರಿಯ ಮನೆಯಲ್ಲಿದ್ದದ್ದು. ಅದೂ ಶ್ರಾವಣ ಸೋಮವಾರವೆಂದು ಹನುಮವ್ವ ಗುಡಿಯಲ್ಲಿ ಅಭಿಷೇಕ ಮುಗಿಯುವ ತನಕ ಕೂತದ್ದರಿಂದ ಎರಡು ತಾಸು ಹೆಚ್ಚಿಗೆ.

"ಅತ್ತಿ, ಆಜ್ ಲೇಟ್ ಹೋ ಗಯಿ. ಕೂಸಿಗೆ ಖಿಚಡಿ ಇಟ್ಟೀನಿ," ಎಂದು ಲಾವಣ್ಯಾ ಛತ್ರಿ ಎತ್ತಿಕೊಂಡು ಹೊರಟಳು. ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡ ಅವಳ ಬಾಯಲ್ಲಿ ಕುಂಟುತ್ತಿತ್ತು. ಹನುಮವ್ವ ತಲೆ ಆಡಿಸಿದಳು. ಮಹಾದೇವಿಗೆ ಎಲ್ಲ ಸೂಜಿಯೂ ಆಗಿವೆ ಎಂದು ಲಾವಣ್ಯಾ ನಂಬಿದ್ದಳು. ಅತ್ತೆಯೇ ಓಣಿಯ ಮಕ್ಕಳಿಗೆಲ್ಲ ಸೂಜಿ ಹಾಕಿಸುವವಳು, ಮನೆಯ ಕೂಸನ್ನು ಬಿಟ್ಟಾಳೆಯೇ?

ಬಿಟ್ಟಿದ್ದಳು.

ಹನ್ನೆರಡು ವರ್ಷದಿಂದ ಹನುಮವ್ವ ಗುಡ್ಡದ ಆರೋಗ್ಯ ಸೇವಿಕೆ. ಊರು ಇಂಡಿ ತಾಲೂಕಿನ ಹಳ್ಳಿ. ಗಂಡನ ಹಿಂದೆ ಗೌಂಡಿ ಕೆಲಸಕ್ಕೆ ಮುಂಬಯಿಗೆ ಬಂದವಳು, ಇಪ್ಪತ್ತು ವರ್ಷ ಇಟ್ಟಿಗೆ, ಮರಳು ಹೊತ್ತಳು. ಮೊಣಕಾಲು ಸೋತ ಮೇಲೆ ಕೆಳಗಿನ ಆರೋಗ್ಯ ಕೇಂದ್ರದವರು ಗುಡ್ಡದ ಮಂದಿಯ ಮಾತು ಬಲ್ಲವರು ಬೇಕು ಎಂದಾಗ ಹೋಗಿ ನಿಂತಳು. ಮರಾಠಿ ಅಕ್ಷರವನ್ನು ರಾತ್ರಿ ಶಾಲೆಯಲ್ಲಿ ಕಲಿತಳು. ನೀಲಿ ಚೀಲ, ಮಡಿಚುವ ಛತ್ರಿ, ಉದ್ದನೆಯ ರಿಜಿಸ್ಟರ್, ಇಷ್ಟು ಆಕೆಯ ಸಾಮಾನು. ಪ್ರತಿ ಮನೆಗೂ ಹೋಗಿ ಮಕ್ಕಳ ಹೆಸರು ಬರೆದುಕೊಳ್ಳಬೇಕು, ಯಾರಿಗೆ ಯಾವ ಸೂಜಿ ಬಾಕಿ ಎಂದು ಯಾದಿ ಮಾಡಬೇಕು. ತಿಂಗಳಿಗೊಮ್ಮೆ ಮಾರುತಿ ಗುಡಿಯ ಕಟ್ಟೆಗೆ ಸೂಜಿ ಹಾಕುವ ಸಿಸ್ಟರ್ ಬರುವಾಗ ಆ ಮಕ್ಕಳನ್ನು ಕರೆತರಬೇಕು. ಆಕೆಯ ಯಾದಿ ಅಚ್ಚುಕಟ್ಟು ಎಂದು ಕೇಂದ್ರದ ಡಾಕ್ಟರಮ್ಮ, ಗುಡ್ಡದವರ ಡಾಕ್ಟರ್ ಬಾಯಿ, ನಾಲ್ಕು ಮಂದಿಯ ಎದುರು ಹೊಗಳಿದ್ದುಂಟು.

ಆ ಅಚ್ಚುಕಟ್ಟಿನ ಯಾದಿಯಲ್ಲಿ ಒಂದು ಗುಟ್ಟಿತ್ತು. ಅದು ಓಣಿಯ ಹೆಂಗಸರಿಗೆ ಗೊತ್ತು, ಕೆಳಗಿನವರಿಗೆ ಗೊತ್ತಿಲ್ಲ.

ಊರಲ್ಲಿ ಜೋಳದ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ಒಂದು ಎಂದರೆ ರಾಶಿ ಅಲ್ಲಿಗೇ ನಿಂತೀತು, ಕಣ್ಣು ಬಿದ್ದೀತು ಎಂಬ ಅಂಜಿಕೆ. ರಾಶಿಗೆ ಅಷ್ಟು ಅಂಜುವ ಮಂದಿ ಮಕ್ಕಳ ವಿಷಯದಲ್ಲಿ ಸುಮ್ಮನಿರುತ್ತಾರೆಯೇ? ಎಷ್ಟು ಮಕ್ಕಳವ್ವ ಎಂದರೆ ಹೊಸ ಬಾಣಂತಿಯರು "ನಮ್ಮನ್ಯಾಗ ಲಾಭ ಐತ್ರಿ" ಎಂದು ನಕ್ಕು ಸೆರಗು ಎಳೆದುಕೊಳ್ಳುತ್ತಿದ್ದರು. ಅಂಥ ಕೂಸಿನ ಹೆಸರನ್ನು ಹನುಮವ್ವ ಬರೆದುಕೊಳ್ಳುತ್ತಿರಲಿಲ್ಲ. ಆಕೆ ಎಣಿಕೆ ಶುರು ಮಾಡುವುದೇ ತನ್ನ ಮನೆಯಿಂದ. ತನ್ನ ಬಾಗಿಲಲ್ಲಿ ಲಾಭ ಎಂದು ಮುಂದಿನ ಮನೆಗೆ ನಡೆಯುವಳು. ಬಾಯಲ್ಲಿ ಎರಡು ಎನ್ನುತ್ತ ಕೈಯಲ್ಲಿ ಒಂದನೆಯ ಸಾಲು ತುಂಬುವಳು.

ಇದು ಬರಿಯ ರೂಢಿಯಾಗಿದ್ದರೆ ಯಾವಾಗಲೋ ಬಿಡುತ್ತಿದ್ದಳು. ಆದರೆ ಬಹಳ ವರ್ಷದ ಹಿಂದೆ, ಈಶ್ವರ ಇನ್ನೂ ಮೊಲೆ ಕುಡಿಯುವಾಗ, ಜನಗಣತಿಯವರು ಅವಳ ಊರ ಮನೆಯ ಮುಂದೆ ಬಂದು ಎಷ್ಟು ಮಕ್ಕಳು ಎಂದು ಕೇಳಿದ್ದರು. ಇಪ್ಪತ್ತರ ಹುಡುಗಿ, ಅವಸರದಲ್ಲಿ ಎರಡು ಎಂದುಬಿಟ್ಟಳು. ಲಾಭ ಎನ್ನಲು ಮರೆತಳು. ಆ ಬೇಸಿಗೆಯಲ್ಲೇ ಊರಿಗೆ ಗೊಬ್ಬರ ಬಂತು. ಎರಡೂವರೆ ವರ್ಷದ ಹಿರಿಯ ಮಗಳು ಆರು ದಿನ ಉಸಿರಿಗೆ ಒದ್ದಾಡಿ ಏಳನೆಯ ದಿನ ತಣ್ಣಗಾದಳು. ಅತ್ತೆ ಬೈಯಲಿಲ್ಲ. ಒಂದೇ ಮಾತು ಹೇಳಿದಳು, "ಲಾಭ ಅನಬೇಕಾಗಿತ್ತವ್ವ." ಆ ಮಗಳ ಹೆಸರು ಮಹಾದೇವಿ. ಮೊಮ್ಮಗಳಿಗೆ ಅದೇ ಹೆಸರನ್ನು ಇಟ್ಟಿದ್ದರು.

ಸೂಜಿ ಸಿಕ್ಕಿದ್ದರೆ ಆ ಮಗು ಬದುಕುತ್ತಿತ್ತು ಎಂಬುದು ಈಗ ಹನುಮವ್ವನಿಗೆ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷ ಅದನ್ನೇ ಮನೆಮನೆಗೆ ಹೇಳುತ್ತ ಬಂದಿದ್ದಾಳೆ. ಅತ್ತೆಯ ಮಾತೂ ಸುಳ್ಳೆಂದು ಆಕೆಗೆ ಅನಿಸಿರಲಿಲ್ಲ. ಎರಡೂ ಒಂದೇ ಎದೆಯಲ್ಲಿ ಜಾಗ ಮಾಡಿಕೊಂಡಿದ್ದವು. ಇಲ್ಲಿಯ ತನಕ ಅವು ಜಗಳವಾಡುವ ಸಂದರ್ಭವೂ ಬಂದಿರಲಿಲ್ಲ. ಯಾಕೆಂದರೆ ಸಿಸ್ಟರ್ ತರುತ್ತಿದ್ದ ಮಂಜುಗಡ್ಡೆಯ ಡಬ್ಬಿಯಲ್ಲಿ ಯಾವಾಗಲೂ ಒಂದೆರಡು ಸೂಜಿಮದ್ದಿನ ಬಾಟಲಿ ಹೆಚ್ಚಿಗೆ ಇರುತ್ತಿದ್ದವು. ಯಾದಿಯ ಮಕ್ಕಳು ಮುಗಿದ ಮೇಲೆ ಹನುಮವ್ವ ಮೆಲ್ಲಗೆ ಲಾಭದ ಕೂಸುಗಳನ್ನು ಮುಂದೆ ತರುವಳು, ಸಿಸ್ಟರ್ ಕಾರ್ಡ್ ಬರೆದು ಚುಚ್ಚುವಳು. ಕೂಸಿಗೆ ಸೂಜಿಯೂ ಆಯಿತು, ಎಣಿಕೆಯೂ ತಪ್ಪಿತು.

ಏಪ್ರಿಲ್ ತಿಂಗಳಲ್ಲಿ ಅದು ನಿಂತಿತು. ಗುಡ್ಡದ ಮೇಲಿನ ಶಿಬಿರಕ್ಕೆ, ಡಬ್ಬಿ ಹೊರುವವನಿಗೆ, ಹೆಚ್ಚಿನ ಬಾಟಲಿಗೆ ಇಷ್ಟು ದಿನ ದುಡ್ಡು ಬರುತ್ತಿದ್ದದ್ದು ಹೊರದೇಶದ ದಾನಿಗಳಿಂದ. ನಿಮ್ಮ ದೇಶ ಈಗ ದೊಡ್ಡದಾಗಿದೆ, ನಿಮ್ಮ ಮಕ್ಕಳ ಖರ್ಚು ನೀವೇ ನೋಡಿಕೊಳ್ಳಿ ಎಂದು ಅವರು ಕೈ ತೊಳೆದುಕೊಂಡರಂತೆ. ಆಯಿತು, ನೋಡಿಕೊಳ್ಳುತ್ತೇವೆ ಎಂದು ಇಲ್ಲಿಯವರೂ ಒಪ್ಪಿದರಂತೆ. ಒಪ್ಪಿದ ಮಾತು ಕಾಗದವಾಗಿ, ಕಾಗದಕ್ಕೆ ಸಹಿ ಬಿದ್ದು, ಸಹಿ ಮೇಲಿನಿಂದ ಇಳಿದು ಭಾಂಡುಪ್ ಮುಟ್ಟುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ಗುಡಿಯ ಕಟ್ಟೆ ಖಾಲಿ ಇತ್ತು. ಡಬ್ಬಿ ಹೊರುತ್ತಿದ್ದ ಶೇಖರ ಮುಲುಂಡ್ ಸ್ಟೇಷನ್ನಿನ ಹತ್ತಿರ ನೀರಿನ ಕ್ಯಾನು ಹೊತ್ತ. ಮಹಾದೇವಿಗೆ ಒಂಬತ್ತು ತಿಂಗಳು ತುಂಬಿ ಗೋವರದ ಸೂಜಿ ಬೀಳಬೇಕಾದದ್ದು ಆ ನಾಲ್ಕು ತಿಂಗಳಲ್ಲೇ. ಶಿವಕುಮಾರಿಯ ಅನಿಲಕುಮಾರನಿಗೂ ಅಷ್ಟೇ.

ಇನ್ನು ಮುಂದೆ ನಮ್ಮ ಸರಕಾರದ್ದೇ ದುಡ್ಡು, ಪ್ರತಿ ವರ್ಷ ಬರುತ್ತದೆ, ಆದರೆ ಹೆಸರಿಗೆ ಇಷ್ಟು ಎಂದು ಬರುತ್ತದೆ ಎಂದು ಡಾಕ್ಟರ್ ಬಾಯಿ ಜುಲೈಯಲ್ಲಿ ಎಲ್ಲ ಸೇವಿಕೆಯರನ್ನು ಕೂಡಿಸಿ ತಿಳಿಹೇಳಿದ್ದರು. ರೇಶನ್ ಕಾರ್ಡಿನ ಹಾಗೆ. ಕಾರ್ಡಿನಲ್ಲಿ ಹೆಸರಿದ್ದರೆ ಅಕ್ಕಿ, ಇಲ್ಲದಿದ್ದರೆ ಇಲ್ಲ. ಕಾಗದದ ತಲೆಯ ಮೇಲೆ ದೊಡ್ಡ ಮರಾಠಿ ಅಕ್ಷರದಲ್ಲಿ ಲಾಭಾರ್ಥಿ ಯಾದಿ, ಅಂದರೆ ಲಾಭ ಪಡೆಯುವವರ ಪಟ್ಟಿ, ಎಂದು ಅಚ್ಚಾಗಿತ್ತು. ಹನುಮವ್ವ ಅದರ ಕೆಳಗೆ ಹದಿನೆಂಟು ಹೆಸರು ಬರೆದು ಕೊಟ್ಟಳು. ಲಾಭದ ಕೂಸು ಒಂದೂ ಅದರಲ್ಲಿರಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹನುಮವ್ವ ಆರೋಗ್ಯ ಕೇಂದ್ರಕ್ಕೆ ಇಳಿದಳು. ಶಿವಕುಮಾರಿಯ ಮಗನ ಸುದ್ದಿ ಹೇಳದೆ ಇರುವಂತಿರಲಿಲ್ಲ. ಹೇಳಿದಳು. ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. ಆ ಮಗು ಯಾದಿಯಲ್ಲಿ ಯಾಕಿಲ್ಲ ಎಂದು ಕೇಳಿದರು. ಮೊನ್ನೆ ಮೊನ್ನೆ ಊರಿಂದ ಬಂದವರು ಎಂದು ಹನುಮವ್ವ ಸುಳ್ಳು ಹೇಳಿದಳು.

ಡಾಕ್ಟರ್ ಬಾಯಿ ಬೇಗ ಬೇಗ ಮಾತಾಡಿದರು. ರೋಗಿಯ ಜೊತೆಗಿದ್ದ ಮಗುವಿಗೆ ಮೂರು ದಿನದೊಳಗೆ ಸೂಜಿ ಬಿದ್ದರೆ ರೋಗ ತಡೆದೀತು, ತಡೆಯದೆಯೂ ಇದ್ದೀತು, ಮೂರು ದಿನ ದಾಟಿದರೆ ಆ ಆಸೆಯೂ ಕಡಿಮೆ. ಕೇಂದ್ರದ ಫ್ರಿಜ್ಜಿನಲ್ಲಿ ಗೋವರದ ಒಂದು ಬಾಟಲಿಯೂ ಇಲ್ಲ. ಗುರುವಾರ ಗುಡ್ಡದ ಶಿಬಿರ ಮತ್ತೆ ಶುರು, ಅವತ್ತು ಡಬ್ಬಿ ಬರುತ್ತದೆ, ಯಾದಿಯಲ್ಲಿ ಎಷ್ಟು ಹೆಸರೋ ಅಷ್ಟಕ್ಕೆ. ಯಾದಿ ತಿದ್ದುವುದಿದ್ದರೆ ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ತಿದ್ದಬೇಕು, ಆಮೇಲೆ ಉಗ್ರಾಣದಿಂದ ಬಾಟಲಿ ಹೊರಟುಬಿಡುತ್ತವೆ. ಇಷ್ಟು ಹೇಳಿ ಅವರು ನೇರವಾಗಿ ಹನುಮವ್ವನ ಕಣ್ಣು ನೋಡಿ ಕೇಳಿದರು, "ಕೋಣಿ ರಾಹಿಲಂ ಕಾ?"

ಯಾರಾದರೂ ಉಳಿದಿದ್ದಾರೆಯೇ ಎಂದು. ಬೆನ್ನ ಮೇಲೆ ಮಹಾದೇವಿ ಅಜ್ಜಿಯ ಕುತ್ತಿಗೆಗೆ ಬಾಯಿ ಹಚ್ಚಿ ಬಿಸಿ ಉಸಿರು ಬಿಡುತ್ತಿದ್ದಳು.

"ನಾಹಿ ಬಾಯಿ," ಎಂದಳು ಹನುಮವ್ವ.

ಯಾಕೆ ಹಾಗೆಂದಳು? ದಾರಿಯುದ್ದಕ್ಕೂ ಅದನ್ನೇ ಕೇಳಿಕೊಂಡಳು. ಹೆಸರು ಹೇಳಲು ಬಾಯಿ ತೆರೆದಾಗ ನಾಲಿಗೆಯ ತುದಿಗೆ ಅತ್ತೆಯ ಮಾತು ಬಂದು ಕೂತಿತ್ತು. ಬರೆಸಿದರೆ ಎಣಿಸಿದಂತೆ. ಎಣಿಸಿದರೆ ಹೋದ ಮಹಾದೇವಿಯ ದಾರಿ. ಬರೆಸದಿದ್ದರೆ ಸೂಜಿ ಇಲ್ಲ. ಸೂಜಿ ಇಲ್ಲದಿದ್ದರೂ ಅದೇ ದಾರಿ. ಸ್ಟೇಷನ್ನಿನ ಸೇತುವೆ ಹತ್ತಿ ಮುಲುಂಡದ ಖಾಸಗಿ ದವಾಖಾನೆಗೂ ಹೋಗಿ ಬಂದಳು, ಗುಡಿಯ ಹುಂಡಿಗೆಂದು ಎತ್ತಿಟ್ಟಿದ್ದ ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ಈ ವಾರ ಎಲ್ಲರೂ ಅದನ್ನೇ ಕೇಳಿಕೊಂಡು ಬಂದರು, ಮುಗಿದಿದೆ, ಶನಿವಾರ ಬನ್ನಿ ಎಂದರು. ಶನಿವಾರಕ್ಕೆ ಐದು ದಿನವಾಗುತ್ತದೆ.

ಮನೆಗೆ ಬಂದು ದೇವರ ಮುಂದೆ ಕೂತಳು. ದಿನವೂ ಆಡುತ್ತಿದ್ದ ಮಾತುಗಳು ಬರಲಿಲ್ಲ. ಕೂಸಿನ ಅಂಗಿ ಎತ್ತಿ ಹೊಟ್ಟೆ ನೋಡಿದಳು, ಬೆನ್ನು ನೋಡಿದಳು, ಕಿವಿಯ ಹಿಂದೆ ನೋಡಿದಳು. ಏನೂ ಇರಲಿಲ್ಲ. ಇಷ್ಟು ಬೇಗ ಏನೂ ಕಾಣುವುದಿಲ್ಲವೆಂದು ಆಕೆಯೇ ನೂರು ತಾಯಂದಿರಿಗೆ ಹೇಳಿದ್ದಳು. ಆದರೂ ಅರ್ಧ ತಾಸಿಗೊಮ್ಮೆ ನೋಡಿದಳು. ಕೂಸಿಗೆ ಅದು ಆಟವಾಗಿ, ಅಜ್ಜಿ ಹತ್ತಿರ ಬಂದರೆ ಸಾಕು, ತಾನೇ ಅಂಗಿ ಎತ್ತಿ ಕೇಕೆ ಹಾಕತೊಡಗಿತು.

ಸಂಜೆ ಲಾವಣ್ಯಾ ಬಂದಳು. ಕೈಕಾಲು ತೊಳೆದು ಕೂಸನ್ನು ತೊಡೆಗೆ ಹಾಕಿಕೊಂಡಳು. ಹನುಮವ್ವ ರೊಟ್ಟಿ ಬಡಿಯುತ್ತ, ಬೆನ್ನು ತಿರುಗಿಸಿಕೊಂಡೇ ಎಲ್ಲವನ್ನೂ ಹೇಳಿದಳು. ಬೇವಿನ ತಪ್ಪಲು, ಬಿಸ್ಕೀಟು, ಯಾದಿ, ಸುಳ್ಳು. ಹೇಳಿ ಮುಗಿಯುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು.

ಲಾವಣ್ಯಾ ಕೂಗಾಡುತ್ತಾಳೆ ಎಂದುಕೊಂಡಿದ್ದಳು. ಅವಳು ಕೂಗಲಿಲ್ಲ. ಕೂಸಿನ ಅಂಗಿ ಎತ್ತಿ ಹೊಟ್ಟೆ ನೋಡಿ ಕೇಳಿದಳು, "ಅತ್ತಿ, ನೀವು ಎಲ್ಲಾ ಮಂದಿ ಮಕ್ಕಳಿಗೆ ಬರೀತೀರಿ. ನಂದೇ ಕ್ಯೂಂ ಬಿಟ್ರಿ?"

"ನಂದು ಅಂತನ ಬಿಟ್ಟೆ, ಯವ್ವಾ."

ಅದನ್ನು ಲಾವಣ್ಯಾ ಎಷ್ಟು ಅರ್ಥ ಮಾಡಿಕೊಂಡಳೋ. ಮೊದಲ ಮಹಾದೇವಿಯ ಕತೆಯನ್ನು ಅವಳು ಗಂಡನಿಂದ ಕೇಳಿದ್ದಳು, ಲಾಭದ ಮಾತನ್ನು ಕೇಳಿರಲಿಲ್ಲ. ಎದ್ದು ಹೋಗಿ ನೀಲಿ ಚೀಲದಿಂದ ಖಾಲಿ ಲಾಭಾರ್ಥಿ ಕಾಗದ ತೆಗೆದಳು. ನೀನೇ ಬರಿ, ನಿನ್ನ ಅಕ್ಷರ ಚಂದ ಎಂದು ಹನುಮವ್ವ ಅಂದಳು.

"ನಹಿ. ನಾ ಬರದ್ರ ನಿಮ್ಮ ಡರ್ ಹೋಗಲ್ಲ. ನೀವೇ ಬರೀರಿ."

ಪೆನ್ನು ಹಿಡಿದ ಕೈ ಕಾಗದದ ಮೇಲೆ ಊರಲಿಲ್ಲ. ತುಟಿಯಲ್ಲಿ ತಾನಾಗಿಯೇ ಲಾಭ ಎಂದು ಬಂತು. ಆಕೆ ಅದನ್ನು ನುಂಗಿಕೊಂಡಳು. ಮಾರುತಿಯನ್ನು ನೆನೆದಳು, ದುರ್ಗವ್ವನನ್ನು ನೆನೆದಳು, ಸತ್ತ ಅತ್ತೆಯನ್ನೂ ನೆನೆದು ಸಿಟ್ಟಾಗಬೇಡ ಎಂದು ಬೇಡಿಕೊಂಡಳು.

"ಒಂದು," ಎಂದಳು. ಮೊದಲ ಸಾಲಿನಲ್ಲಿ ಮಹಾದೇವಿ ಎಂದು ಬರೆದಳು.

ಆಮೇಲೆ ಇನ್ನೊಂದು ಹೆದರಿಕೆ ಹುಟ್ಟಿತು. ತಾನೇ ಬಿಟ್ಟಿದ್ದಾಗ ಓಣಿಯಲ್ಲಿ ಇನ್ನೆಷ್ಟು ಬಿಟ್ಟುಹೋಗಿವೆ? ಲಾಭ ಐತ್ರಿ ಎಂದು ನಕ್ಕವರ ಮುಖಗಳು ಒಂದೊಂದಾಗಿ ನೆನಪಾದವು. ಎಲ್ಲರ ನಗುವಿಗೂ ತಾನೂ ನಕ್ಕು ಮುಂದೆ ಹೋಗಿದ್ದಳು.

ಬುಧವಾರ ಬೆಳಿಗ್ಗೆ ಲಾವಣ್ಯಾ ಕೆಲಸಕ್ಕೆ ರಜೆ ಹಾಕಿ ಕೂಸಿನ ಜೊತೆ ಮನೆಯಲ್ಲೇ ಉಳಿದಳು. ಹನುಮವ್ವ ಏಳು ಗಂಟೆಗೇ ಹೊರಟಳು. ಮೊದಲ ಬಾಗಿಲು ನಾಗರತ್ನಾಳದು, ಬಾಯಿ ಜೋರಿನವಳು.

"ಏನಕ್ಕಾ, ಹೋದ ತಿಂಗಳ ಬರದ ಮಂದಿನ್ನ ಮತ್ತ ಬರ್ಯಾಕ ಬಂದ್ರೇನು? ಸರಕಾರದವ್ರು ಯಾದಿ ಮಳ್ಯಾಗ ತೋಯಿಸ್ಕೊಂಡ್ರೇನು?"

ಹನುಮವ್ವ ಕಾಗದವನ್ನು ಅವಳ ಕೈಗಿತ್ತಳು. ನಾಗರತ್ನಾ ಏಳನೆಯ ತರಗತಿಯ ತನಕ ಮರಾಠಿ ಶಾಲೆಯಲ್ಲಿ ಓದಿದವಳು. ಓದಿದಳು. ನಗು ಇಳಿಯಿತು.

"ನಿಮ್ಮ ಲಾಭನ ಬರದ್ರಿ?"

"ಬರದೆ."

"ಅಂಜಿಕಿ ಬರ್ಲಿಲ್ಲೇನ್ರಿ?"

"ನನ್ನ ಕೈ ಮುಟ್ಟಿ ನೋಡು."

ನಾಗರತ್ನಾ ಮುಟ್ಟಿ ನೋಡಿದಳು. ಒಳಗೆ ಹೋಗಿ, ಹನ್ನೊಂದು ತಿಂಗಳ ಕೂಸನ್ನು ಎತ್ತಿಕೊಂಡು ಬಂದು, ಅದರ ಹೆಸರನ್ನು ಪಿಸುಮಾತಿನಲ್ಲಿ ಹೇಳಿದಳು. ಬರೆದದ್ದು ಮುಗಿಯುವ ತನಕ ಕೂಸಿನ ಮುಖವನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದಳು.

ಹಾಗೆ ಮನೆಮನೆ ಆಯಿತು. ಒಬ್ಬಳು ಅತ್ತೆಯನ್ನು ಕೇಳಬೇಕೆಂದಳು. ಇನ್ನೊಬ್ಬಳು ಹೆಸರು ಹೇಳಿ, ಹನುಮವ್ವ ನಾಲ್ಕು ಮೆಟ್ಟಿಲು ಇಳಿದ ಮೇಲೆ ಹಿಂದೆ ಓಡಿ ಬಂದು ಅಳಿಸಿರೆಂದಳು. ಮತ್ತೆ ತಾನೇ ಬೇಡ, ಇರಲಿ ಎಂದಳು. ಮೂರು ಮನೆಯವರು ಬಾಗಿಲನ್ನೇ ತೆರೆಯಲಿಲ್ಲ, ಶಿವಕುಮಾರಿಯ ಬಾಗಿಲಿನ ಬೇವು ಅವರನ್ನೂ ಹೆದರಿಸಿತ್ತು. ಹನ್ನೊಂದೂವರೆಗೆ ಕಾಗದದ ಮೇಲೆ ಒಂಬತ್ತು ಹೆಸರಿದ್ದವು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕುಪ್ಪಸದೊಳಗೆ ಇಟ್ಟುಕೊಂಡು, ಮಳೆಯಲ್ಲಿ ಪಾಚಿಯ ಮೆಟ್ಟಿಲುಗಳ ಮೇಲೆ ಐವತ್ತೈದರ ಹೆಂಗಸು ಓಡಿದಳು. ಎರಡು ಸಲ ಜಾರಿದಳು. ಎರಡನೆಯ ಸಲ ಮೊಣಕೈ ಕೆತ್ತಿ ರಕ್ತ ಬಂತು.

ಡಾಕ್ಟರ್ ಬಾಯಿಯ ಮೇಜಿನ ಮೇಲೆ ಒದ್ದೆ ಕಾಗದ ಬಿಡಿಸಿಟ್ಟು, ಮೊದಲ ಹೆಸರು ನನ್ನ ಮೊಮ್ಮಗಳದು, ಸೋಮವಾರ ಆ ಹುಡುಗನ ಜೊತೆಗೇ ಇದ್ದಳು, ನಿನ್ನೆ ನಾನು ಸುಳ್ಳು ಹೇಳಿದೆ ಎಂದಳು. ಕೆಲಸ ಹೋಯಿತು ಎಂದೇ ತಿಳಿದಿದ್ದಳು. ಲಾಭದ ಕತೆಯನ್ನೂ ತನ್ನ ಹರಕು ಮರಾಠಿಯಲ್ಲಿ ಹೇಳಿದಳು. ಅದನ್ನು ಕೇಳಿದವರು ನಗಬಹುದಿತ್ತು. ಡಾಕ್ಟರ್ ಬಾಯಿ ನಗಲಿಲ್ಲ. ಗಡಿಯಾರ ನೋಡಿ, ಮೊದಲು ಉಗ್ರಾಣಕ್ಕೆ ಫೋನು ಮಾಡಿ ಹೆಸರು ಹದಿನೆಂಟಲ್ಲ, ಇಪ್ಪತ್ತೇಳು ಎಂದು ಹೇಳಿದರು. ಆ ಕಡೆಯವರು ಏನೋ ಗೊಣಗಿದರು. ಇವರು ದನಿ ಏರಿಸಿದರು. ಫೋನು ಇಟ್ಟ ಮೇಲೆ ಡ್ರಾಯರಿನಿಂದ ಒಂದು ಪತ್ರ ತೆಗೆದು ಓದಿದರು. ಗುಡ್ಡದ ಓಣಿಯಲ್ಲಿ ಮಕ್ಕಳು ಕಡಿಮೆ, ಆದ್ದರಿಂದ ಅಲ್ಲಿಯ ಶಿಬಿರವನ್ನು ಎರಡು ತಿಂಗಳಿಗೊಮ್ಮೆ ಮಾಡಿದರೆ ಸಾಕು, ಹಣ ಉಳಿಯುತ್ತದೆ ಎಂದು ಮೇಲಿನವರು ಬರೆದಿದ್ದರು.

ನಿನ್ನ ಯಾದಿ ನೋಡಿಯೇ ಹೀಗೆ ಬರೆದಿದ್ದಾರೆ ಎಂದರು ಡಾಕ್ಟರ್ ಬಾಯಿ. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಹೊರಗಿನ ದುಡ್ಡು ಇದ್ದಾಗ ನಿನ್ನ ಲಾಭಕ್ಕೆ ಜಾಗ ಇತ್ತು. ಈಗ ನಮ್ಮ ಮನೆಯ ದುಡ್ಡು. ನೀನು ಬಿಟ್ಟ ಹೆಸರಿನ ದುಡ್ಡು ಇಲ್ಲಿಗೆ ಬರುವುದೇ ಇಲ್ಲ. ಇಷ್ಟೇ ಹೇಳಿ, ಹನುಮವ್ವನ ಮೊಣಕೈಗೆ ಹತ್ತಿ ಒತ್ತಿ ಕಳಿಸಿದರು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರಬೇಕಾದ ಡಬ್ಬಿ ಹನ್ನೊಂದಾದರೂ ಬರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ತಾಯಂದಿರು ಕೂಸುಗಳನ್ನು ತಟ್ಟುತ್ತ ಕೂತಿದ್ದರು. ಹಳಿಯ ಮೇಲೆ ನೀರು ನಿಂತು ಲೋಕಲ್‌ಗಳು ನಿಂತಿವೆಯಂತೆ ಎಂದು ಯಾರೋ ಹೇಳಿದರು. ಲಾವಣ್ಯಾ ಕೂಸನ್ನು ಬಿಗಿಯಾಗಿ ಹಿಡಿದಿದ್ದಳು. ಹನುಮವ್ವ ಮೆಟ್ಟಿಲಿನ ತುದಿಗೆ ಹೋಗಿ ನಿಂತು ಕೆಳಗೆ ನೋಡುವುದು, ಬಂದು ಕೂಸಿನ ಹಣೆ ಮುಟ್ಟುವುದು, ಮತ್ತೆ ಹೋಗುವುದು. ಸೋಮವಾರದ ಎಷ್ಟು ಗಂಟೆಗೆ ಆ ಬಿಸ್ಕೀಟು ತಿಂದಳೋ, ಮೂರು ದಿನವೆಂದರೆ ಇವತ್ತಿನ ಎಷ್ಟು ಗಂಟೆಗೆ ಮುಗಿಯುತ್ತದೋ. ಅದನ್ನು ಡಾಕ್ಟರ್ ಬಾಯಿಗೆ ಕೇಳಲು ಮರೆತಿದ್ದಳು.

ಹನ್ನೊಂದೂ ಮುಕ್ಕಾಲಿಗೆ ಮೆಟ್ಟಿಲ ತಿರುವಿನಲ್ಲಿ ನೀಲಿ ಡಬ್ಬಿ ಕಂಡಿತು, ಅದರ ಕೆಳಗೆ ಶೇಖರನ ತೋಯ್ದ ತಲೆ. ಹಿಂದೆ ಸಿಸ್ಟರ್. ಘಾಟಕೋಪರದಿಂದ ನೀರಿನಲ್ಲೇ ನಡೆದು ಬಂದೆವು, ಬರಫ ಕರಗಿಲ್ಲ, ನೋಡಿ ಎಂದು ಶೇಖರ ಡಬ್ಬಿಯ ಮುಚ್ಚಳ ತಟ್ಟಿದ. ನಾಲ್ಕು ತಿಂಗಳು ನೀರು ಹೊತ್ತು ಇವನಿಗೆ ಮ್ಯಾಲಿನ ನೀರೂ ಸಾಲವಲ್ದು ಎಂದು ನಾಗರತ್ನಾ ಅಂದದ್ದಕ್ಕೆ ನಾಲ್ಕು ಮಂದಿ ನಕ್ಕರು. ಹನುಮವ್ವನಿಗೆ ನಗು ಬರಲಿಲ್ಲ.

ಸಿಸ್ಟರ್ ಬಾಟಲಿ ತೆರೆದು, ಯಾದಿ ಬಿಡಿಸಿ, ರೋಗಿಯ ಜೊತೆಗಿದ್ದ ಮಗು ಮೊದಲು ಎಂದಳು. ಗಟ್ಟಿಯಾಗಿ ಹೆಸರು ಓದಿದಳು. "ಮಹಾದೇವಿ ಈಶ್ವರ."

ಗುಡಿಯ ಮುಂದೆ, ಅಷ್ಟು ಮಂದಿಯ ನಡುವೆ, ಆ ಹೆಸರು ಎಲ್ಲರ ಕಿವಿಗೆ ಬಿತ್ತು. ಲಾವಣ್ಯಾ ಅತ್ತೆಯ ಕಡೆ ನೋಡಿದಳು.

"ಇದ್ದಾಳ್ರಿ," ಎಂದಳು ಹನುಮವ್ವ.

ಕೂಸು ಚುಚ್ಚಿಸಿಕೊಂಡು ಅತ್ತಿತು. ಸಿಸ್ಟರ್ ಹತ್ತಿ ಹಿಡಿದು, ಸಾಲಿನ ಮುಂದೆ ಗುರುತು ಹಾಕಿ, ಮುಂದಿನ ಹೆಸರು ಓದಿದಳು. ಬಾಗಿಲು ತೆರೆಯದಿದ್ದ ಮೂರು ಮನೆಗಳಲ್ಲಿ ಒಂದರವಳು ಕಡೆಗೆ ಓಡಿ ಬಂದಳು. ಬಾಟಲಿಯಲ್ಲಿ ಅವಳ ಕೂಸಿಗೂ ಉಳಿದಿತ್ತು. ಆ ಹೆಸರನ್ನು ಹನುಮವ್ವ ಅಲ್ಲೇ ಕಟ್ಟೆಯ ಮೇಲೆ ಬರೆದಳು.

ಸೂಜಿ ಬಿದ್ದರೆ ಹೆದರಿಕೆ ಮುಗಿಯುತ್ತದೆ ಎಂದುಕೊಂಡಿದ್ದಳು. ಮುಗಿಯಲಿಲ್ಲ. ಹದಿನಾಲ್ಕು ದಿನ ನೋಡಬೇಕು ಎಂದಿದ್ದರು ಡಾಕ್ಟರ್ ಬಾಯಿ. ಈ ನಡುವೆ ಶಿವಕುಮಾರಿಯ ಅನಿಲನಿಗೆ ಉಸಿರು ಕಟ್ಟಿ ದವಾಖಾನೆಗೆ ಒಯ್ದರು. ಒಯ್ಯಲು ಒಪ್ಪಿಸಿದವಳು ಹನುಮವ್ವ. ತಾಯಿ ಮನ್ಯಾಗೂ ಇರ್ತಾಳ, ದವಾಖಾನ್ಯಾಗೂ ಇರ್ತಾಳ ಎಂದು ಹೇಳಿ ಕೈಹಿಡಿದು ಇಳಿಸಿಕೊಂಡು ಹೋದಳು. ಅವನ ಉಸಿರಿನ ಸದ್ದು ಆಕೆಗೆ ಹೊಸದಲ್ಲ. ಊರಿನ ಆ ಮನೆಯಲ್ಲಿ ಆರು ದಿನ ಕೇಳಿದ್ದು ಅದೇ.

ಎಂಟನೆಯ ದಿನ ಮಧ್ಯಾಹ್ನ ಮಹಾದೇವಿಗೆ ಮೈ ಕಾಯ್ದಿತು. ಹೊಟ್ಟೆಯ ಮೇಲೆ ನಾಲ್ಕಾರು ಕೆಂಪು ಚುಕ್ಕೆ. ಅಂಗಿ ಎತ್ತಿದರೆ ಈಗ ಕೂಸು ನಗಲಿಲ್ಲ. ಸೂಜಿಯಿಂದಲೂ ಕೆಲವು ಮಕ್ಕಳಿಗೆ ಇಂಥ ಜ್ವರ ಬರುತ್ತದೆ, ತಾನೇ ಇಳಿಯುತ್ತದೆ. ನಿಜವಾದ ಗೋವರವೂ ಹೀಗೆಯೇ ಶುರುವಾಗುತ್ತದೆ. ಯಾವುದು ಎಂದು ನೋಡಿದವರಿಗೆ ಹೇಳಲಾಗದು. ಲಾವಣ್ಯಾ ಸಿಸ್ಟರಿಗೆ ಫೋನು ಮಾಡಿದಳು. ಹನುಮವ್ವ ಗುಡಿಯ ಹಿಂದಿನ ಮರದಿಂದ ಬೇವಿನ ಟೊಂಗೆ ಮುರಿದು ತಂದು ಬಾಗಿಲಲ್ಲಿ ನಿಂತಳು. ಕಟ್ಟಿದರೆ ಹೊರಗಿನವರು ಒಳಗೆ ಬರುವಂತಿಲ್ಲ. ಸಿಸ್ಟರ್ ಹೊರಗಿನವಳು. ಕಟ್ಟದಿದ್ದರೆ ಬಂದ ತಾಯಿಯನ್ನು ಮನ್ನಿಸಲಿಲ್ಲ ಎಂದಾಗುತ್ತದೆ. ತಪ್ಪಲಿನಿಂದ ಮಳೆಯ ಹನಿ ಕಾಲಿಗೆ ಬೀಳುತ್ತಿತ್ತು.

ಆಮೇಲೆ ಒಳಗೆ ಹೋಗಿ ಟೊಂಗೆಯನ್ನು ದೇವರ ಪಟದ ಪಕ್ಕಕ್ಕೆ ಇಟ್ಟಳು. ಬಾಗಿಲನ್ನು ಪೂರ್ತಿ ತೆರೆದಿಟ್ಟಳು.

ಸಿಸ್ಟರ್ ಬಂದಳು, ನೋಡಿದಳು, ಎದೆಗೆ ಕಿವಿಗೊಳವೆ ಇಟ್ಟಳು, ಜ್ವರದ ಹನಿ ಕೊಟ್ಟಳು, ಉಸಿರು ಎಣಿಸುವುದನ್ನು ಲಾವಣ್ಯಾಳಿಗೆ ತೋರಿಸಿ ಹೋದಳು. ಎರಡು ದಿನ ಅತ್ತೆ ಸೊಸೆ ಸರದಿಯ ಮೇಲೆ ಕೂತರು. ಒಬ್ಬಳು ಉಸಿರು ಎಣಿಸಿದರೆ ಇನ್ನೊಬ್ಬಳು ಗಡಿಯಾರ ನೋಡುವುದು. ಮೂರನೆಯ ಬೆಳಿಗ್ಗೆ ಕೂಸು ತಾನಾಗಿಯೇ ಎದ್ದು ಕೂತು ಸ್ಟೀಲ್ ಬಟ್ಟಲಿಗಾಗಿ ಕೈ ಚಾಚಿತು. ಹನುಮವ್ವ ಅದರ ಹಣೆಗೆ ಹಣೆ ಹಚ್ಚಿದಳು. ತಣ್ಣಗಿತ್ತು. ಒಂದು ಗಳಿಗೆ ಆಕೆಗೆ ಇನ್ನೊಂದು ತಣ್ಣಗಿನ ಹಣೆಯ ನೆನಪಾಗಿ ಬೆಚ್ಚಿ ಹಿಂದೆ ಸರಿದಳು. ಕೂಸು ಅಜ್ಜಿಯ ಮೂಗಿನ ನತ್ತು ಹಿಡಿದು ಎಳೆಯಿತು.

ಸೆಪ್ಟೆಂಬರಿನ ಎಣಿಕೆಯ ದಿನ ಹನುಮವ್ವ ತನ್ನ ಬಾಗಿಲಿನಿಂದಲೇ ಶುರು ಮಾಡಿದಳು. "ಒಂದು," ಎಂದು ಬರೆದಳು. ಬರೆದ ಕೂಡಲೇ ಒಳಗೆ ಹೋಗಿ ಕೂಸಿನ ಅಂಗಾಲಿಗೆ ಕಾಡಿಗೆಯ ಬೊಟ್ಟು ಇಟ್ಟು ಬಂದಳು.

ಶಿವಕುಮಾರಿಯ ಬಾಗಿಲಿನಲ್ಲಿ ಬೇವು ಇರಲಿಲ್ಲ. ಅನಿಲ ಸೊರಗಿ ಕಡ್ಡಿಯಾಗಿದ್ದ, ತಾಯಿಯ ಹೆಗಲಿಗೆ ಅಂಟಿಕೊಂಡಿದ್ದ. ಅವನಿಗೆ ಮುಂದಿನ ಸೂಜಿ ಹದಿನಾರನೆಯ ತಿಂಗಳಿಗೆ, ಲೆಕ್ಕ ಹಾಕಿದರೆ ಅದು ಬರುವುದು ಮಾರ್ಚಿಗೆ ಹತ್ತಿರ. ಈಗ ಮಂಜೂರಾದ ದುಡ್ಡು ಮಾರ್ಚಿನ ತನಕ, ಆಮೇಲೆ ಹೊಸ ಕಾಗದ ಬರಬೇಕು ಎಂದು ಡಾಕ್ಟರ್ ಬಾಯಿ ಹೇಳಿದ್ದನ್ನು ಹನುಮವ್ವ ಯಾರಿಗೂ ಹೇಳಿರಲಿಲ್ಲ. ಓಣಿಗೆ ಹೇಗೋ ಗೊತ್ತಾಗಿತ್ತು.

"ಮಾರ್ಚ್‌ದಾಗ ಮತ್ತ ನಿಂತ್ರ ಏನ್ ಮಾಡೂದ್ರಿ ಅಕ್ಕಾ?" ಎಂದಳು ಶಿವಕುಮಾರಿ.

ಹನುಮವ್ವ ಛತ್ರಿಯನ್ನು ಕುತ್ತಿಗೆಗೆ ಆನಿಸಿಕೊಂಡು, ಕಾಗದ ತೋಯದಂತೆ ಎದೆಗೆ ಹತ್ತಿರ ಹಿಡಿದು, ಪೆನ್ನು ತೆಗೆದಳು.

"ಹೆಸರು ಗಟ್ಟ್ಯಾಗಿ ಹೇಳು," ಎಂದಳು. ಶಿವಕುಮಾರಿ ಹೇಳಿದಳು. ಹನುಮವ್ವ ಎರಡನೆಯ ಸಾಲಿನಲ್ಲಿ ಬರೆದುಕೊಂಡು ಮುಂದಿನ ಮೆಟ್ಟಿಲು ಇಳಿದಳು.